ತಲೆ ಎಣಿಸದ ಬಸ್ಸು

ಶಾಲಾ ಬಸ್ಸಿನ ನ್ಯಾನಿ ಕೆಲಸಕ್ಕೆಂದು ದುಬೈಗೆ ಹೊರಟ ಹೆಣ್ಣುಮಕ್ಕಳು ಈಗಲೂ ನನಗೆ ಫೋನ್ ಮಾಡಿ, "ಅಕ್ಕ, ಕೆಲಸ ಸುಲಭ ಉಂಟಾ?" ಎಂದು ಕೇಳುತ್ತಾರೆ. ಸುಲಭವೇ. ಮಕ್ಕಳನ್ನು ಹತ್ತಿಸಬೇಕು, ಬೆಲ್ಟ್ ಹಾಕಬೇಕು, ವಾಂತಿ ಮಾಡಿದರೆ ಒರೆಸಬೇಕು, ಇಳಿಸಬೇಕು. ಹತ್ತೊಂಬತ್ತು ವರ್ಷ ನಾನು ಮಾಡಿದ್ದು ಇಷ್ಟೇ. ಈ ಕೆಲಸದಲ್ಲಿ ಬಡ್ತಿ ಎಂಬುದಿಲ್ಲ, ಹಾಗಾಗಿ ಬಡ್ತಿಯ ಕತೆ ಹೇಳಿ ನಿಮ್ಮ ತಲೆ ತಿನ್ನುವ ಭಯವೂ ಇಲ್ಲ. ಆದರೆ ದುಬೈಯ ಒಂದು ಶಾಲೆಯ ಕಡತದಲ್ಲಿ ನನ್ನ ಸಹಿ ಇರುವ ಕಾಗದವೊಂದಿದೆ. "ಮಕ್ಕಳೆಲ್ಲ ಇಳಿದರೇ ಎಂದು ನೋಡದೆ ನಾನು ಬಸ್ಸು ಬಿಟ್ಟು ಹೋದೆ. ತಪ್ಪು ನನ್ನೊಬ್ಬಳದೇ" ಎಂದು ಅದರಲ್ಲಿದೆ. ಮೊದಲ ವಾಕ್ಯ ನಿಜ. ಎರಡನೆಯ ವಾಕ್ಯ ಸುಳ್ಳು. ಆ ಸುಳ್ಳಿನ ಕೆಳಗೆ ನನ್ನ ಹೆಸರು ಹೇಗೆ ಬಂತು ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮದುವೆಗೆ ಮುಂಚೆ ನಾನು ಮೂಡುಬಿದಿರೆಯ ಹತ್ತಿರದ ಕನ್ನಡ ಶಾಲೆಯೊಂದರಲ್ಲಿ ಗೌರವ ಶಿಕ್ಷಕಿಯಾಗಿದ್ದೆ. ಗಂಡ ಅಬುಧಾಬಿಯಲ್ಲಿ ಎ.ಸಿ. ರಿಪೇರಿಯವರು. ಅವರ ವೀಸಾದಲ್ಲಿ ಹೋದವಳಿಗೆ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಕಡೆ ಇಂಡಿಯನ್ ಶಾಲೆಯೊಂದರ ಬಸ್ಸಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಎಣಿಕೆ ಎಂದರೆ ಬರೀ ಕೂಗಾಟ. ನಲವತ್ತು ಮಕ್ಕಳು. ನಾನು ತಲೆಗಳ ಮೇಲೆ ಕೈಯಿಡುತ್ತಾ "ಒನ್, ಟೂ" ಎಂದು ಹಿಂದಿನಿಂದ ಮುಂದಕ್ಕೆ ಬರುತ್ತಿದ್ದೆ. ಇಪ್ಪತ್ತರ ಹತ್ತಿರ ಯಾರಾದರೊಬ್ಬ ಸೀಟು ಬದಲಾಯಿಸುತ್ತಿದ್ದ, ಮತ್ತೆ ಒಂದರಿಂದ ಶುರು.

ಎಣಿಕೆ ಸರಿಯಾಗಿದ್ದ ದಿನವೇ ನನ್ನ ಮೊದಲ ದೊಡ್ಡ ತಪ್ಪೂ ನಡೆಯಿತು. ಆ ಕಡೆಯ ವಿಲ್ಲಾಗಳೆಲ್ಲ ಒಂದೇ ಥರ, ಒಂದೇ ಬಣ್ಣದ ಗೇಟು. ಯು.ಕೆ.ಜಿ.ಯ ಹುಡುಗಿಯೊಬ್ಬಳನ್ನು ಪಕ್ಕದ ಬೀದಿಯ ಗೇಟಿನಲ್ಲಿ ಇಳಿಸಿಬಿಟ್ಟೆ. ಆ ಮನೆಯ ಕೆಲಸದಾಕೆ ಅದೇ ಬೆಳಿಗ್ಗೆ ಕೆಲಸಕ್ಕೆ ಸೇರಿದವಳು. ಮನೆಯ ಮಗುವೇ ಇರಬೇಕೆಂದುಕೊಂಡು ಒಳಗೆ ಕರೆದುಕೊಂಡಳು. ಒಂದು ಗಂಟೆ ಎಲ್ಲರೂ ಎದೆ ಬಡಿದುಕೊಂಡು ಹುಡುಕಿದ ಮೇಲೆ ನೋಡಿದರೆ ಮಹಾರಾಯ್ತಿ ಮಾವಿನ ಜ್ಯೂಸ್ ಕುಡಿಯುತ್ತಾ ಕಾರ್ಟೂನ್ ನೋಡುತ್ತಿದ್ದಳು. "ಖಲಾಸ್, ಸಿಕ್ಕಿದಳಲ್ಲ" ಎಂದು ನಮ್ಮ ಸೂಪರ್‌ವೈಸರ್ ಸುಮ್ಮನಾದ. ನಾನು ಸುಮ್ಮನಾಗಲಿಲ್ಲ. ಅಂದಿನಿಂದ ಮಗುವಿನ ಕೈಯನ್ನು ಗುರುತಿನವರ ಕೈಗೆ ಕೊಡದೆ ಬಸ್ಸನ್ನು ಮುಂದೆ ಹೋಗಲು ಬಿಟ್ಟವಳಲ್ಲ.

ಗಂಡ ತೀರಿಕೊಂಡಾಗ ಅವರ ವೀಸಾದ ಜೊತೆ ನನ್ನ ವೀಸಾವೂ ಮುಗಿಯುತ್ತಿತ್ತು. ಆಗ ದುಬೈಯಿಂದ ಪ್ರಶಾಂತ ಫೋನ್ ಮಾಡಿದ. ಈ ಪ್ರಶಾಂತ ನಮ್ಮ ಊರ ಕಡೆಯವನೇ. ಮೊದಲು ವಿಸಿಟ್ ವೀಸಾದಲ್ಲಿ ಬಂದು ಕೆಲಸ ಹುಡುಕುತ್ತಿದ್ದಾಗ ಮೂರು ತಿಂಗಳು ನಮ್ಮ ಮನೆಯ ಹಾಲ್‌ನಲ್ಲೇ ಮಲಗಿದ್ದ, ನಾನು ಬಡಿಸಿದ ಕುಚ್ಚಲಕ್ಕಿ ಅನ್ನ ಉಂಡಿದ್ದ. ಈಗ ಒಂದು ಶಾಲೆಯ ಆಪರೇಷನ್ಸ್ ಮ್ಯಾನೇಜರ್. "ಗುಲಾಬಿಯಕ್ಕ, ನಮ್ಮಲ್ಲಿ ಒಂದು ನ್ಯಾನಿ ಬೇಕು. ಸಣ್ಣ ಶಾಲೆ, ವೀಸಾ ಶಾಲೆಯೇ ಕೊಡ್ತದೆ. ಯೆಹೂದಿಗಳದ್ದು, ಹೆದರ್ಬೇಡಿ" ಎಂದ. ನಾನು ಹೆದರಿದ್ದು ಊರಿಗೆ ಬರಿಗೈಯಲ್ಲಿ ಹೋಗುವುದಕ್ಕೆ. ಅವನ ಉಪಕಾರವನ್ನು ಮರೆತಿಲ್ಲ. ಮರೆಯಲು ಆಗದ್ದೇ ಈಗಿನ ತಾಪತ್ರಯ.

ಶಾಲೆ ಎಂದರೆ ಒಂದು ವಿಲ್ಲಾ. ಗೇಟಿನ ಮೇಲೆ ಬೋರ್ಡು ಇಲ್ಲ, ಬಸ್ಸಿನ ಮೇಲೆ ಹೆಸರಿಲ್ಲ. ಒಳಗೆ ಹೋದರೆ ಮಾತ್ರ ಗೋಡೆ ತುಂಬ ಬಣ್ಣದ ಅಕ್ಷರಗಳು, ಬಲದಿಂದ ಎಡಕ್ಕೆ. ಮಕ್ಕಳು ಎಲ್ಲೆಲ್ಲಿಂದಲೋ ಬಂದವರು, ಫ್ರಾನ್ಸಿನವರು, ದಕ್ಷಿಣ ಆಫ್ರಿಕಾದವರು, ನ್ಯೂಯಾರ್ಕಿನವರು. ಹುಡುಗರಿಗೆ ಒಳಗೆ ಪುಟ್ಟ ದುಂಡು ಟೋಪಿ, ಬಸ್ಸು ಹತ್ತುವಾಗ ಅದರ ಮೇಲೊಂದು ಕ್ರಿಕೆಟ್ ಟೋಪಿ. ಬಸ್ಸಿನ ಕೆಲಸ ಮುಗಿದ ಮೇಲೆ ನಾನು ಚಿಕ್ಕವರ ತರಗತಿಯಲ್ಲಿ ಆಯಾ. ಅಲ್ಲಿಯ ಟೀಚರ್ ಡಿನಾ, ಮೂವತ್ತು ದಾಟಿದ ಹೆಂಗಸು. ಮಕ್ಕಳು ಅವಳನ್ನು "ಮೋರಾ" ಎನ್ನುತ್ತಿದ್ದರು, ಅವರ ಭಾಷೆಯಲ್ಲಿ ಟೀಚರ್ ಎಂದು. ನಾನು ಅವರಿಗೆ "ಮಿಸ್ ಗುಲಾ".

ಕೆಲಸಕ್ಕೆ ಸೇರಿದ ವಾರದಲ್ಲೇ ಒಂದು ಎಡವಟ್ಟು ಮಾಡಿಕೊಂಡೆ. ಬುತ್ತಿಗೆ ಒಣ ಸಿಗಡಿ ಚಟ್ನಿ ಕಟ್ಟಿಕೊಂಡು ಹೋಗಿ ಅನ್ನದ ಜೊತೆ ಶಾಲೆಯ ಮೈಕ್ರೋವೇವಿನಲ್ಲಿ ಬಿಸಿ ಮಾಡಿದೆ. ಸಿಗಡಿ ಅವರಿಗೆ ನಿಷಿದ್ಧ. ಅಡುಗೆಮನೆಯ ಶುದ್ಧಿ ನೋಡಿಕೊಳ್ಳುವವರು ಮೂಗು ಹಿಡಿದುಕೊಂಡು ಆ ಮೈಕ್ರೋವೇವನ್ನು ಹೊರಗೆ ಹಾಕಿಸಿದರು. ಮಡಿಯ ಅಡುಗೆಮನೆ ನಾನು ಕಾಣದ್ದೇನಲ್ಲ, ಊರ ಭಟ್ಟರ ಮನೆಯ ಒಳಗೆ ನಮ್ಮವರು ಕಾಲಿಡುವ ಹಾಗಿರಲಿಲ್ಲ. ಇಲ್ಲಿ ನನ್ನನ್ನು ಯಾರೂ ಹೊರಗೆ ಹಾಕಲಿಲ್ಲ, ಹೊರಗೆ ಹೋದದ್ದು ಮೈಕ್ರೋವೇವ್ ಮಾತ್ರ. ಅಷ್ಟು ವ್ಯತ್ಯಾಸವನ್ನು ಹೇಳಬೇಕು. ಡಿನಾ ಬಿದ್ದು ಬಿದ್ದು ನಕ್ಕಳು.

ಮಕ್ಕಳಿಗೆ ಅಕ್ಷರ ಕಲಿಸುವ ಮೊದಲ ದಿನ ಅಕ್ಷರದ ಮೇಲೆ ಜೇನು ಹನಿಸಿ ನೆಕ್ಕಿಸುತ್ತಿದ್ದರು. ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸಿದವಳು ನಾನು, ಆ ದಿನ ಹತ್ತು ಮಕ್ಕಳ ಅಂಟು ಕೈ ತೊಳೆಸುತ್ತಾ ಯಾಕೋ ಅತ್ತುಬಿಟ್ಟೆ. ಶುಕ್ರವಾರ ಒಬ್ಬ ಹುಡುಗ ಅಪ್ಪನಾಗಿ, ಒಬ್ಬಳು ಹುಡುಗಿ ಅಮ್ಮನಾಗಿ, ಜಡೆಯಂತೆ ಹೆಣೆದ ಬ್ರೆಡ್ಡು ಮುರಿದು, ದ್ರಾಕ್ಷಿ ರಸ ಕುಡಿದು ಹಾಡುತ್ತಿದ್ದರು. ಹಬ್ಬ ಬಂದರೆ ತಂದೆ ತಾಯಿಗಳೆಲ್ಲ ಆ ವಿಲ್ಲಾದಲ್ಲೇ ಸೇರುತ್ತಿದ್ದರು. ಊರು ಬಿಟ್ಟವರು ಎಲ್ಲಿ ಹೋದರೂ ಒಂದು ಹಾಲ್ ಹುಡುಕಿಕೊಂಡು ಊರು ಮಾಡಿಕೊಳ್ಳುತ್ತಾರೆ, ನಮ್ಮ ತುಳುವರ ಕೂಟದ ಹಾಗೆಯೇ. ಇದರಲ್ಲೆಲ್ಲ ನನಗೆ ಕಹಿ ಏನೂ ಇಲ್ಲ. ಕಹಿ ಇರುವುದು ಬೇರೆ ಕಡೆ.

ಬಸ್ಸಿನ ಎಣಿಕೆಗೆ ಬರುತ್ತೇನೆ. ಮೊದಲ ದಿನ ಹಳೆಯ ಅಭ್ಯಾಸದಂತೆ ತಲೆ ಮುಟ್ಟಿ "ಒನ್, ಟೂ" ಎಂದೆ. ಜೊತೆಗೆ ಬಂದಿದ್ದ ಡಿನಾ ನನ್ನ ಕೈ ಹಿಡಿದುಕೊಂಡಳು.

"ಗುಲಾಬಿ, ನಾವು ಮನುಷ್ಯರನ್ನು ಎಣಿಸುವುದಿಲ್ಲ" ಎಂದಳು ಇಂಗ್ಲಿಷಿನಲ್ಲಿ.

"ಎಣಿಸದೆ ಎಲ್ಲರೂ ಬಂದರೋ ಇಲ್ಲವೋ ತಿಳಿಯುವುದು ಹೇಗೆ?"

ಅವರ ಪ್ರಾರ್ಥನೆಯಲ್ಲಿ ಸರಿಯಾಗಿ ಹತ್ತು ಪದಗಳ ಒಂದು ಸಾಲಿದೆ. ಜನರನ್ನು ಲೆಕ್ಕ ಹಾಕಬೇಕಾದಾಗ ಸಂಖ್ಯೆಯ ಬದಲು ಆ ಸಾಲನ್ನು ಹೇಳುತ್ತಾರೆ, ಒಬ್ಬರಿಗೆ ಒಂದು ಪದ. ಸಾಲು ಪೂರ್ತಿಯಾದರೆ ಹತ್ತು ಜನ ಇದ್ದಾರೆಂದು ಅರ್ಥ. ಎಣಿಸಿದರೆ ಕೇಡು ಎಂಬ ಈ ನಂಬಿಕೆ ನನಗೆ ವಿಚಿತ್ರ ಎನಿಸಲಿಲ್ಲ. ನನ್ನ ಅಜ್ಜಿ ಅಕ್ಕಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ "ಲಾಭ" ಎನ್ನುತ್ತಿದ್ದಳು, ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಮಾತು ತಿರುಗಿಸುತ್ತಿದ್ದಳು. ನಮ್ಮ ಬಸ್ಸಿನಲ್ಲಿ ಡಿನಾಳ ತರಗತಿಯ ಹತ್ತೇ ಮಕ್ಕಳು. ಒಬ್ಬೊಬ್ಬರಿಗೂ ಒಂದು ಪದವನ್ನು ಕಾಯಂ ಮಾಡಿದೆವು. ಹತ್ತುವಾಗ, ಇಳಿಯುವಾಗ, ತರಗತಿಯಲ್ಲಿ ಪ್ರಾರ್ಥನೆಗೆ ಮುಂಚೆ, ಹೀಗೆ ದಿನಕ್ಕೆ ನಾಲ್ಕೈದು ಸಲ ತಮ್ಮ ತಮ್ಮ ಪದವನ್ನು ಸರದಿಯಲ್ಲಿ ಹೇಳುವುದು. ನಾನು ಎರಡು ದಿನದಲ್ಲಿ ಸಾಲನ್ನು ಬಾಯಿಪಾಠ ಮಾಡಿದೆ.

ಮಾಡುತ್ತಾ ಮಾಡುತ್ತಾ ಒಂದು ವಿಷಯ ಹೊಳೆಯಿತು. ತಲೆ ಎಣಿಸಿದರೆ ಎಷ್ಟು ಮಂದಿ ಇಲ್ಲ ಎಂದು ತಿಳಿಯುತ್ತದೆ. ಪದ ಹೇಳಿಸಿದರೆ ಯಾರು ಇಲ್ಲ ಎಂದು ತಿಳಿಯುತ್ತದೆ. ಹದಿನಾರು ವರ್ಷ ಸಂಖ್ಯೆ ಕೂಗಿದವಳಿಗೆ ಇದನ್ನು ಕಲಿಸಲು ಆ ಮಕ್ಕಳೇ ಬೇಕಾಯಿತು. ಹಳಬರು ಬಿಟ್ಟು ಹೋದರೆ ಅವರ ಪದ ಹೊಸಬರಿಗೆ ಸಿಗುತ್ತಿತ್ತು. ಕೊನೆಗೆ ಏಳನೆಯ ಪದ ನಾಲ್ಕು ವರ್ಷದ ಶಿರಾಳದು. ಆರನೆಯದು ಅವಳ ಅಣ್ಣ ಏತಾನನದು, ಅವನಿಗೆ ಆರು ವರ್ಷ. ಶಿರಾಳಿಗೆ ತನ್ನ ಪದವನ್ನು ಬಹಳ ಎಳೆದು ಹೇಳುವ ಚಟ, ಎಂಟನೆಯವನು ಸಿಟ್ಟಾಗುವವರೆಗೂ ಎಳೆಯುತ್ತಿದ್ದಳು. ಮೂರು ವರ್ಷ ಒಂದು ದಿನವೂ ಸಾಲು ತುಂಡಾಗಲಿಲ್ಲ.

ಮೂರನೆಯ ಬೇಸಿಗೆ ರಜೆ ಮುಗಿಸಿ ಬಂದಾಗ ಪ್ರಶಾಂತ ಹೊಸ ಮಿಷನ್ ತಂದಿದ್ದ. ಮಕ್ಕಳ ಬ್ಯಾಗಿಗೊಂದು ಪ್ಲಾಸ್ಟಿಕ್ ಬಿಲ್ಲೆ. ಬಾಗಿಲಿನಲ್ಲಿ ಬಿಲ್ಲೆ ತಾಗಿದರೆ ಪೀಂ ಎನ್ನುತ್ತದೆ, ಎಲ್ಲ ಬಿಲ್ಲೆಗಳೂ ತಾಗಿದರೆ ಫೋನಿನಲ್ಲಿ ಹಸಿರು ಬಣ್ಣ ಬರುತ್ತದೆ, ತಾಯಂದಿರಿಗೆ ಮೆಸೇಜ್ ಹೋಗುತ್ತದೆ.

"ಇನ್ನು ಬಸ್ಸಿನ ಹತ್ತಿರ ಆ ಸಾಲು ಹೇಳಿಸುದು ಬೇಡ ಅಕ್ಕ" ಎಂದ.

"ಇದೂ ಇರ್ಲಿ, ಅದೂ ಇರ್ಲಿ. ಅದಕ್ಕೆ ಒಂದು ನಿಮಿಷ ಹಿಡಿಯುದಿಲ್ಲ."

"ಅದಲ್ಲ ಮಾರಾಯ್ರೆ. ಗೇಟಿನ ಹೊರಗೆ ಮಕ್ಕಳ ಬಾಯಲ್ಲಿ ಹೀಬ್ರೂ ಕೇಳ್ಬಾರ್ದು ಅಂತ ಸೆಕ್ಯುರಿಟಿಯವರು ಹೇಳ್ತಾರೆ. ದಿನ ಸರಿ ಇಲ್ಲ. ಇಳಿದ ಕೂಡ್ಲೆ ಸೀದಾ ಒಳಗೆ, ಆಯ್ತಾ?"

"ಹಾಗಾದ್ರೆ ಒಂದು, ಎರಡು ಅಂತ ಎಣಿಸ್ಲಾ?"

"ಅದು ಮಾಡಿದ್ರೆ ನಿಮ್ಮ ಡಿನಾ ಮೇಡಂ ಕುಣೀತಾರೆ. ಎಂಥದ್ದೂ ಬೇಡ. ಮಿಷನ್ ಉಂಟಲ್ಲಾ, ನನ್ನ ಮೇಲೆ ಬಿಡಿ."

ಅವನು ಹೇಳಿದ ಕಾರಣ ಸುಳ್ಳಲ್ಲ. ಯೆಹೂದಿಗಳ ಮೇಲೆ ಯಾರಾದರೂ ಕೈ ಮಾಡಿಯಾರು ಎಂದು ಆ ದಿನಗಳಲ್ಲಿ ಎಲ್ಲರಿಗೂ ಭಯವಿತ್ತು. ಆದರೆ ಮನಸ್ಸಿನಲ್ಲೇ ಸಾಲು ಹೇಳಿಕೊಂಡು ಮುಖ ನೋಡಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮೊದಲ ನಾಲ್ಕು ದಿನ ಹಾಗೆಯೇ ಮಾಡಿದೆ. ಐದನೆಯ ದಿನದಿಂದ ಪೀಂ ಎಂಬ ಸದ್ದಿಗೆ ಕಿವಿ ಒಗ್ಗಿಹೋಯಿತು. ಇದು ನನ್ನ ತಪ್ಪು, ಇದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ಶಾಲೆ ತೆರೆದ ಎರಡನೆಯ ವಾರ. ಸೆಪ್ಟೆಂಬರಿನ ಬಿಸಿಲು, ಬೆಳಿಗ್ಗೆ ಎಂಟಕ್ಕೇ ಬಸ್ಸಿನ ಕಬ್ಬಿಣ ಮುಟ್ಟುವಂತಿಲ್ಲ. ಡ್ರೈವರ್ ಜಮಾನ್ ಪೇಶಾವರದ ಕಡೆಯ ಪಠಾಣ, ನನ್ನನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದ. ಮಕ್ಕಳು ಇಳಿದ ಮೇಲೆ ಹಿಂದಿನ ಸೀಟಿನವರೆಗೆ ನಡೆದು ನೋಡುವುದು ಅವನ ಕೆಲಸ. ಅಂದು ಗೇಟಿನ ಮುಂದೆ ನಿಂತ ಕೂಡಲೇ ಅವನ ಫೋನ್ ಬಡಿದುಕೊಂಡಿತು.

"ಆಪಾ, ಮ್ಯಾನೇಜರ್ ಸಾಬ್. ಏರ್‌ಪೋರ್ಟಿಗೆ ಮೆಹಮಾನ್ ಬಂದಿದ್ದಾರಂತೆ, ಬಸ್ಸು ಹಿಂದೆ ನಿಲ್ಲಿಸಿ ಈಗಲೇ ಕಾರು ತೆಗೀಬೇಕಂತೆ. ಯಲ್ಲಾ ಯಲ್ಲಾ, ಬೇಗ."

ಪೀಂ ಪೀಂ ಎಂದು ಹತ್ತು ಸಲ ಸದ್ದಾಯಿತು. ಫೋನು ಹಸಿರಾಯಿತು. ಗೇಟಿನ ಗಾರ್ಡು ಬೇಗ ಬೇಗ ಎಂದು ಕೈ ಬೀಸುತ್ತಿದ್ದ. ನಾನು ಮಕ್ಕಳ ಹಿಂದೆ ಒಳಗೆ ಹೋದೆ. ಜಮಾನ್ ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿ, ಬಸ್ಸನ್ನು ಶಾಲೆಯ ಹಿಂದಿನ ಮರಳು ಮೈದಾನದಲ್ಲಿ ನಿಲ್ಲಿಸಿ, ಕಾರು ತೆಗೆದುಕೊಂಡು ಹೋದ.

ಕೈ ತೊಳೆದು, ತಿಂಡಿ ತಿಂದು, ಚಾಪೆಯ ಮೇಲೆ ಕುಳಿತಾಗ ಇಪ್ಪತ್ತು ನಿಮಿಷವಾಗಿತ್ತು. ಡಿನಾ ಸಾಲು ಶುರು ಮಾಡಿಸಿದಳು. ಒಂದೊಂದೇ ಪದ ಬಂತು. ಏತಾನ್ ಆರನೆಯದನ್ನು ಹೇಳಿದ. ಆಮೇಲೆ ಯಾರೂ ಮಾತಾಡಲಿಲ್ಲ. ಎಂಟನೆಯ ಹುಡುಗ ತನ್ನ ಸರದಿಗೆ ಬಾಯಿ ತೆರೆದು, ಕಾಯುತ್ತಾ ಕುಳಿತ.

"ಶಿರಾ ಎಲ್ಲಿ?" ಎಂದಳು ಡಿನಾ. ಏತಾನ್ ಬಾಗಿಲ ಬಳಿ ತಾನು ಇಳಿಸಿಟ್ಟಿದ್ದ ಎರಡು ಬ್ಯಾಗುಗಳನ್ನು ನೋಡಿದ. ತಂಗಿಗೆ ನಿದ್ದೆ ಬಂದಿತ್ತು, ಅದಕ್ಕೆ ಅವಳ ಬ್ಯಾಗನ್ನು ತಾನೇ ಹೊತ್ತು ತಂದೆ, ಅವಳು ಹಿಂದೆ ಬರುತ್ತಿದ್ದಾಳೆ ಎಂದುಕೊಂಡೆ ಎಂದ. ಒಳ್ಳೆಯ ಅಣ್ಣ ಮಾಡುವ ಕೆಲಸವನ್ನೇ ಮಾಡಿದ್ದ.

ನಾನು ಹೇಗೆ ಓಡಿದೆನೋ ತಿಳಿಯದು, ಚಪ್ಪಲಿ ಎಲ್ಲಿ ಹೋಯಿತೋ ತಿಳಿಯದು. ಬಸ್ಸಿಗೆ ಬೀಗ. ಗಾರ್ಡು ಬಂದು ಕಿಟಕಿ ಒಡೆದ. ಬಸ್ಸಿನ ಅರ್ಧಕ್ಕೆ ಗೋಡೆಯ ನೆರಳಿತ್ತು, ಹಿಂದಿನ ಸೀಟು ಆ ನೆರಳಿನಲ್ಲಿತ್ತು. ಅದರಿಂದಲೇ ಇಂದು ನಾನು ಇದನ್ನು ಬರೆಯುವಷ್ಟು ಗಟ್ಟಿಯಾಗಿದ್ದೇನೆ. ಮಗು ಬೆವರಿನಲ್ಲಿ ತೊಯ್ದು, ಮುಖ ಕೆಂಪಾಗಿ, ಅಳುವ ಶಕ್ತಿಯೂ ಇಲ್ಲದೆ ಬಿದ್ದಿದ್ದಳು. ಎತ್ತಿಕೊಂಡಾಗ ನನ್ನ ಕುತ್ತಿಗೆಗೆ ಅವಳ ಉಸಿರು ತಾಗಿತು. ಒಂದು ದಿನ ಆಸ್ಪತ್ರೆಯಲ್ಲಿದ್ದು ಹುಷಾರಾಗಿ ಮನೆಗೆ ಹೋದಳು. ಅವಳ ತಾಯಿಯ ಫೋನಿಗೆ ಮಾತ್ರ ಎಂಟು ಗಂಟೆಗೇ ಮೆಸೇಜ್ ಹೋಗಿತ್ತು, ನಿಮ್ಮ ಮಗು ಕ್ಷೇಮವಾಗಿ ಶಾಲೆಯೊಳಗೆ ಇದೆ ಎಂದು.

ಮೂರನೆಯ ದಿನ ಪ್ರಶಾಂತ ನನ್ನನ್ನು ಆಫೀಸಿಗೆ ಕರೆದು ಬಾಗಿಲು ಹಾಕಿದ. ಮೇಜಿನ ಮೇಲೆ ಆ ಕಾಗದ ಟೈಪಾಗಿ ಸಿದ್ಧವಾಗಿತ್ತು. ಓದಿದೆ. ಬಿಲ್ಲೆಯ ಸುದ್ದಿ ಇಲ್ಲ, ಏರ್‌ಪೋರ್ಟಿನ ಫೋನಿನ ಸುದ್ದಿ ಇಲ್ಲ.

"ಸಾಲು ಹೇಳಿಸ್ಬೇಡಿ ಅಂತ ನೀನೇ ಹೇಳಿದ್ದಲ್ವಾ ಪ್ರಶಾಂತಾ?"

"ನಾನು ಬರೆದು ಕೊಟ್ಟಿದ್ದೇನಾ ಅಕ್ಕ?" ಎಂದ. ದನಿ ಎತ್ತರಿಸಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. "ನೋಡಿ, ನೀವು ಸೈನ್ ಮಾಡದಿದ್ರೆ ಇದು ಜಮಾನ್‌ನ ಮೇಲೆ ಬರ್ತದೆ. ಹಿಂದಿನ ಸೀಟು ನೋಡುದು ಅವನ ಡ್ಯೂಟಿ ಅಲ್ವಾ? ಪಾಪ, ಐದು ಮಕ್ಕಳು. ನಿಮಗೆ ಎಂತ ಉಂಟು, ಡಿಸೆಂಬರಿಗೆ ಹೇಗೂ ರಿಟೈರ್. ನಾನಿದ್ದೇನಲ್ಲ, ಕೊನೆವರೆಗೆ ವೀಸಾ ನೋಡಿಕೊಳ್ತೇನೆ."

ಅವನಿಗೂ ಇಬ್ಬರು ಮಕ್ಕಳಿದ್ದರು. ಅದನ್ನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಮ್ಮ ಮನೆಯ ಹಾಲ್‌ನಲ್ಲಿ ಮಲಗಿದ್ದ ಹುಡುಗ ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ಸರಿಸಿದ. ಜಮಾನ್‌ನಿಗಾಗಿ ಸಹಿ ಹಾಕುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅದರಲ್ಲಿ ಅರ್ಧ ಹೆದರಿಕೆ. ಹತ್ತೊಂಬತ್ತು ವರ್ಷ ಒಂದು ಮಗುವನ್ನೂ ಕಳೆದುಕೊಳ್ಳದ ಹೆಸರನ್ನು ನೀಲಿ ಪೆನ್ನಿನಲ್ಲಿ ಬರೆದುಕೊಟ್ಟೆ.

ಒಂಬತ್ತು ದಿನಗಳ ನಂತರ ಜಮಾನ್‌ನನ್ನೂ ಕೆಲಸದಿಂದ ತೆಗೆದು ಊರಿಗೆ ಕಳಿಸಿದರು. ಪ್ರಶಾಂತ ಎರಡೂ ಕೈ ಮೇಲೆತ್ತಿ, "ಎಚ್.ಆರ್. ನಿರ್ಧಾರ ಅಕ್ಕ, ನನ್ನ ಕೈಲಿಲ್ಲ" ಎಂದ. ಹೊರಡುವ ಮುಂಚಿನ ದಿನ ಮುಹೈಸ್ನಾದ ಲೇಬರ್ ಕ್ಯಾಂಪಿಗೆ ಹೋಗಿ ಅವನನ್ನು ನೋಡಿದೆ. ಬಂಕ್ ಮಂಚದ ಮೇಲೆ ಬಟ್ಟೆ ಮಡಚುತ್ತಿದ್ದವನು ನನಗೆ ಚಹಾ ತರಿಸಿದ.

"ಆಪಾ, ನನ್ನ ಪಾಲನ್ನೂ ನೀವೇ ಹೊತ್ತಿರಂತೆ" ಎಂದ. "ಹೊತ್ತು ಏನು ಸಿಕ್ಕಿತು, ಹೇಳಿ?"

ನನ್ನ ಸಹಿ ಉಳಿಸಿದ್ದು ಒಬ್ಬನನ್ನೇ, ಅವನು ಜಮಾನ್ ಅಲ್ಲ.

ನನ್ನನ್ನು ಬಸ್ಸಿನಿಂದ ತೆಗೆದು ತರಗತಿಯ ಆಟಿಕೆ ತೊಳೆಯುವ ಕೆಲಸಕ್ಕೆ ಹಾಕಿದ್ದರು. ಹೊಸ ನ್ಯಾನಿ ಬಂದಳು, ಬಿಲ್ಲೆ ಪೆಟ್ಟಿಗೆ ಸೇರಿತು, ಸಾಲು ಬಸ್ಸಿನ ಒಳಗೆ ಬಾಗಿಲು ಹಾಕಿಕೊಂಡು ಮತ್ತೆ ಶುರುವಾಯಿತು. ಅಷ್ಟು ಸಣ್ಣ ಉಪಾಯ ಮೊದಲೇ ಯಾರಿಗೂ, ನನಗೂ, ಹೊಳೆದಿರಲಿಲ್ಲ. ಆ ಹೊತ್ತಿಗೆ ಅವರ ದೊಡ್ಡ ಉಪವಾಸದ ದಿನ ಹತ್ತಿರ ಬಂದಿತ್ತು. ಡಿನಾ ಮಕ್ಕಳಿಗೆ ಪಾಠ ಹೇಳುತ್ತಿದ್ದಳು: ದೇವರಿಗೆ ಮಾಡಿದ ತಪ್ಪನ್ನು ದೇವರು ಕ್ಷಮಿಸುತ್ತಾನೆ, ಮನುಷ್ಯರಿಗೆ ಮಾಡಿದ್ದನ್ನು ಅವನು ಕ್ಷಮಿಸಲಾರ. ಆ ಮನುಷ್ಯನ ಎದುರಿಗೇ ಹೋಗಿ ಕೇಳಬೇಕು. ಮಕ್ಕಳು ಕಿತ್ತುಕೊಂಡ ಪೆನ್ಸಿಲು, ಎಳೆದ ಜಡೆ ಎಲ್ಲದಕ್ಕೂ ಒಬ್ಬರನ್ನೊಬ್ಬರು ಕ್ಷಮೆ ಕೇಳಿದರು. ನಾನು ಮೂಲೆಯಲ್ಲಿ ಆಟಿಕೆ ಒರೆಸುತ್ತಾ ಕೇಳಿಸಿಕೊಂಡೆ. ಮರುದಿನ ಸಂಜೆ ದುಬೈ ಸಿಲಿಕಾನ್ ಓಯಸಿಸ್‌ನಲ್ಲಿರುವ ಶಿರಾಳ ಮನೆಗೆ ಹೋದೆ.

ಬಾಗಿಲು ತೆರೆದ ತಾಯಿ ನನ್ನನ್ನು ಕಂಡು ಒಂದು ಕ್ಷಣ ಬಾಗಿಲಿನ ಹಿಡಿಯನ್ನು ಬಿಡಲೇ ಇಲ್ಲ. ಆಮೇಲೆ ಒಳಗೆ ಕರೆದಳು. ನಾನು ನಿಂತೇ ಹೇಳಿದೆ, ನಿಮ್ಮ ಮಗುವನ್ನು ನೋಡದೆ ಇಳಿದೆ, ಕ್ಷಮಿಸಿ ಎಂದು.

"ಇಷ್ಟು ದಿನ ನನ್ನ ಮಕ್ಕಳನ್ನು ನೋಡಿಕೊಂಡಿರಿ" ಎಂದಳು. "ಆ ದಿನ ಮಾತ್ರ ಯಾಕೆ ನೋಡಲಿಲ್ಲ? ನನಗೆ ನಿದ್ದೆ ಬರದಿರುವುದು ಅದಕ್ಕೇ."

ಹೇಳಿದೆ. ಸಾಲು ನಿಲ್ಲಿಸಿದ್ದು, ಬಿಲ್ಲೆ, ಫೋನು, ಕಾಗದ, ಎಲ್ಲ. ನನ್ನ ಕಿವಿ ಪೀಂ ಸದ್ದಿಗೆ ಒಗ್ಗಿಹೋದದ್ದನ್ನೂ ಬಿಡಲಿಲ್ಲ. ಅವಳು ಒಳಗಿನಿಂದ ಒಂದು ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟಳು. ಆಮೇಲೆ, "ನಿಮ್ಮ ಮ್ಯಾನೇಜರ್ ನಿನ್ನೆ ಬಂದಿದ್ದರು. ಖರ್ಜೂರದ ಪೆಟ್ಟಿಗೆ ತಂದಿದ್ದರು. ತಮ್ಮ ನ್ಯಾನಿಯ ಪರವಾಗಿ ಕ್ಷಮೆ ಕೇಳುತ್ತೇನೆ ಎಂದರು" ಎಂದಳು.

ನನಗೆ ನಗು ಬಂತು, ಕೆಟ್ಟ ನಗು.

"ನಿಮ್ಮ ಪಾಲನ್ನು ನಾನು ಕ್ಷಮಿಸಿದ್ದೇನೆ" ಎಂದಳು ತಾಯಿ. "ಅವರು ನಿಮ್ಮಲ್ಲಿಗೆ ಬಂದಿದ್ದರೇ?"

"ಇಲ್ಲ."

"ಹಾಗಿದ್ದರೆ ನೀವು ಅವರನ್ನು ಕ್ಷಮಿಸಬೇಕಾಗಿಲ್ಲ. ಕೇಳದವರನ್ನು ಕ್ಷಮಿಸಲೇಬೇಕೆಂಬ ನಿಯಮ ನಮ್ಮಲ್ಲಿಲ್ಲ."

ಅವಳು ಪ್ರಿನ್ಸಿಪಾಲರಿಗೆ ಎಲ್ಲವನ್ನೂ ಹೇಳಿದಳು. ಪ್ರಶಾಂತನಿಗೆ ಒಂದು ಎಚ್ಚರಿಕೆಯ ಪತ್ರ ಹೋಯಿತು ಎಂದು ಡಿನಾ ತಿಳಿಸಿದಳು. ಸಹಿಯಾದ ಕಾಗದವನ್ನು ಬದಲಾಯಿಸಲು ಬರುವುದಿಲ್ಲವಂತೆ, ಅದು ಕಡತದಲ್ಲೇ ಉಳಿಯಿತು. ಡಿಸೆಂಬರಿನಲ್ಲಿ ನಾನು ಊರಿಗೆ ಬಂದೆ. ಈಗ ಮೂಡುಬಿದಿರೆಯಲ್ಲಿ ತಂಗಿಯ ಜೊತೆ ಇದ್ದೇನೆ.

ಫೋನ್ ಮಾಡುವ ಹೆಣ್ಣುಮಕ್ಕಳಿಗೆ ನಾನು ಹೇಳುವುದು ಎರಡೇ. ಮಿಷನ್ ಏನೇ ಹೇಳಲಿ, ಹಿಂದಿನ ಸೀಟಿನವರೆಗೆ ನಿಮ್ಮ ಕಾಲಿನಲ್ಲೇ ನಡೆದು ಹೋಗಿ ನೋಡಿ. ಬಾಯಲ್ಲಿ ಕೊಟ್ಟ ಅಪ್ಪಣೆಯನ್ನು ಬರೆದು ಕೊಡಲು ಕೇಳಿ, ಅಪ್ಪಣೆ ಕೊಟ್ಟವನು ನಿಮ್ಮ ಅನ್ನ ಉಂಡವನಾದರೆ ಎರಡು ಸಲ ಕೇಳಿ. ಪ್ರಶಾಂತನನ್ನು ಕ್ಷಮಿಸಿಬಿಡು, ಮನಸ್ಸು ಹಗುರಾಗುತ್ತದೆ ಎಂದು ತಂಗಿ ದಿನಾ ಹೇಳುತ್ತಾಳೆ. ನನಗೇನೂ ಹಗುರಾಗಬೇಕಾಗಿಲ್ಲ.

ಪ್ರತಿ ದೀಪಾವಳಿಗೆ ಅವನಿಂದ ವಾಟ್ಸಾಪಿನಲ್ಲಿ ಹಣತೆಯ ಚಿತ್ರವೊಂದು ಬರುತ್ತದೆ, ನೂರು ಜನರಿಗೆ ಒಟ್ಟಿಗೆ ಕಳಿಸಿದ್ದು. ನಾನು ಕನ್ನಡಕ ಹಾಕಿಕೊಂಡು, ಎರಡು ಬೆರಳಿನಲ್ಲಿ ಅದನ್ನು ದೊಡ್ಡದು ಮಾಡಿ, ಕೆಳಗೆ ಮೂಲೆಯಲ್ಲಿ ನನಗೆಂದು ಒಂದು ಮಾತು ಬರೆದಿದ್ದಾನೆಯೇ ಎಂದು ಹುಡುಕುತ್ತೇನೆ. ಈವರೆಗೆ ಸಿಕ್ಕಿಲ್ಲ.